ಹಾಳೆ ಇಲ್ಲದವರ ಊಟ

ದಿನಾಂಕ 14, ಸೋಮವಾರ, ಬೆಳಿಗ್ಗೆ 9 ಗಂಟೆ 10 ನಿಮಿಷ. ಹೊಲಿಗೆ ಅಂಗಡಿಯವನು ಮೂಗಿಗೆ ಲೈನಿಂಗ್ ಬಟ್ಟೆ ಕಟ್ಟಿಕೊಂಡೇ ಠಾಣೆಯೊಳಗೆ ಬಂದ.

"ಸಾರ್, ನನ್ನ ಅಂಗಡಿ ಹಿಂದಿನ ಶಾಲೇಲಿ ಹೆಣ ಇದೆ."

ಹೆಡ್ ಕಾನ್‌ಸ್ಟೆಬಲ್ ಬರೆಯುತ್ತಿದ್ದ ಹಾಳೆಯಿಂದ ತಲೆ ಎತ್ತಲಿಲ್ಲ. ಕಾಗದ ಜೋಡಿಸಲೆಂದು ಅಂಗಿಯ ಜೇಬಿನ ಅಂಚಿಗೆ ಸದಾ ಹತ್ತಿಪ್ಪತ್ತು ಸೂಜಿ ಚುಚ್ಚಿಕೊಂಡಿರುತ್ತಿದ್ದ ಈ ಹೆಡ್ ಕಾನ್‌ಸ್ಟೆಬಲ್‌ನನ್ನು ಠಾಣೆಯಲ್ಲಿ ಎಲ್ಲರೂ ಗುಂಡುಸೂಜಿ ಎಂದೇ ಕರೆಯುತ್ತಿದ್ದರು.

"ಹೆಣ ನೋಡಿದ್ರಾ?"

"ನೋಡೋದ್ಯಾಕೆ, ನಂಗೆ ಮೂಗಿಲ್ವಾ? ಐದು ದಿನದಿಂದ ಗಿರಾಕಿಗಳು ನಿಲ್ತಿಲ್ಲ. ನಿನ್ನೆ ಒಬ್ಬ ಒಂದು ತೋಳಿನ ಅಳತೆ ಕೊಟ್ಟು ಓಡಿಹೋದ."

"ಹಾಗಾದ್ರೆ ಒಂದೇ ತೋಳಿನ ಅಂಗಿ ಹೊಲೀರಿ."

ಒಳಗಿನ ಕೋಣೆಯಿಂದ ಇನ್ಸ್‌ಪೆಕ್ಟರ್ ಹೊರಗೆ ಬಂದರು. ಗುಂಡುಸೂಜಿಯ ನಗು ಅಲ್ಲಿಗೇ ನಿಂತಿತು. ದೂರು ಠಾಣಾ ಡೈರಿಗೆ ಹೋಯಿತು: ಮುಚ್ಚಿದ ಶಾಲೆಯ ಹಿತ್ತಲಿನಿಂದ ಕೊಳೆತ ವಾಸನೆ, ಹೆಣವಿರಬಹುದೆಂಬ ಶಂಕೆ.

ಶಾಲೆ ಮುಚ್ಚಿ ಒಂಬತ್ತು ವಾರವಾಗಿತ್ತು. ಮೂರನೇ ತರಗತಿಯ ಕೋಣೆಯಲ್ಲಿ ಚಾವಣಿಯ ಗಾರೆ ಒಂದು ಬೆಂಚಿನಷ್ಟು ಅಗಲಕ್ಕೆ ಕಳಚಿ ಬಿದ್ದಿತ್ತು. ಅಂದು ಭಾನುವಾರವಾದ್ದರಿಂದ ಯಾರಿಗೂ ಪೆಟ್ಟಾಗಲಿಲ್ಲ. ಎಂಜಿನಿಯರ್ ಬಂದು, ಯಾರೂ ಒಳಗೆ ಹೋಗಬಾರದೆಂದು ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆದು ಹೋದ. ಅಂದಿನಿಂದ ನೂರಾ ಹನ್ನೆರಡು ಮಕ್ಕಳು ಮನೆಯಲ್ಲೇ ಕಲಿಯುತ್ತಿದ್ದರು. ಶಾಲೆಯ ಮಧ್ಯಾಹ್ನದ ಊಟ ಮಾತ್ರ ನಿಂತಿರಲಿಲ್ಲ. ಪ್ರತಿದಿನ ಹನ್ನೆರಡು ಗಂಟೆಗೆ ಮನೆಯ ದೊಡ್ಡವರೊಬ್ಬರು ಗೇಟಿಗೆ ಬಂದು ಮಗುವಿನ ಊಟದ ಡಬ್ಬಿಯನ್ನೂ ಆ ದಿನದ ಅಭ್ಯಾಸದ ಹಾಳೆಯನ್ನೂ ಒಯ್ಯಬೇಕು. ಹಿಂದಿನ ದಿನದ ಖಾಲಿ ಡಬ್ಬಿ ಮತ್ತು ಬರೆದ ಹಾಳೆ ಮರಳಿಸಬೇಕು. ರಿಜಿಸ್ಟರಿನಲ್ಲಿ ಸಹಿ ಹಾಕಬೇಕು. ಇಷ್ಟೇ ಏರ್ಪಾಡು.

10 ಗಂಟೆ 5 ನಿಮಿಷಕ್ಕೆ ಶಾಲೆಯ ಆಯಾ ಬೀಗ ತೆಗೆದಳು. ಪಂಚರಾಗಿ ಹೊಲಿಗೆಯವನನ್ನೂ ಎದುರಿನ ಪಾರ್ಕಿನ ಮಾಲಿಯನ್ನೂ ಕರೆದುಕೊಂಡರು. ಹಿತ್ತಲಲ್ಲಿ ನೀರಿನ ತೊಟ್ಟಿಯ ಪಕ್ಕ ಹೊಸ ಮಣ್ಣು ಮುಚ್ಚಿದ ಜಾಗವಿತ್ತು. ಆರಡಿ ಉದ್ದ, ಮೂರಡಿ ಅಗಲ. ಅದನ್ನು ನೋಡಿ, ಜೊತೆಗೆ ಬಂದಿದ್ದ ಮಹಿಳಾ ಕಾನ್‌ಸ್ಟೆಬಲ್ ಟೋಪಿ ತೆಗೆದಳು.

ಮಾಲಿ ಅಗೆದ. ಎರಡು ಬೆರಳು ಮಣ್ಣು. ಅದರ ಕೆಳಗೆ ಒಣ ಎಲೆ. ಎಲೆಯ ಕೆಳಗೆ ಅನ್ನ.

ಮತ್ತೆ ಮಣ್ಣು, ಮತ್ತೆ ಎಲೆ, ಮತ್ತೆ ಅನ್ನ, ಬೇಯಿಸಿದ ಕಾಳು, ಕಪ್ಪಗೆ ತಿರುಗಿದ ಕ್ಯಾರೆಟ್ ಚೂರು. ನಾಲ್ಕನೆಯ ಪದರದಲ್ಲಿ ಗುದ್ದಲಿಗೆ ಏನೋ ಟಪ್ಪೆಂದು ಒಡೆಯಿತು. ಮಾಲಿ ಬಗ್ಗಿ ಎತ್ತಿಕೊಂಡ. ಬೇಯಿಸಿದ ಮೊಟ್ಟೆ. ಸಿಪ್ಪೆ ಕೂಡ ಸುಲಿದಿರಲಿಲ್ಲ.

"ಎಣಿಸಿ," ಎಂದರು ಇನ್ಸ್‌ಪೆಕ್ಟರ್.

ಆ ಪದರದಲ್ಲಿ ಮೂವತ್ತೊಂದು ಮೊಟ್ಟೆಗಳಿದ್ದವು. ಅದರ ಆರು ಪದರ ಕೆಳಗೆ ಇಪ್ಪತ್ತೇಳು. ಮತ್ತೆ ಆರು ಪದರ ಕೆಳಗೆ ಹತ್ತೊಂಬತ್ತು. ಇನ್ನೂ ಆರು ಪದರ ಕೆಳಗೆ ಎಂಟು. ಗುಂಡಿಯಲ್ಲಿ ಒಟ್ಟು ಇಪ್ಪತ್ನಾಲ್ಕು ಪದರ. ಆರು ಪದರಕ್ಕೊಮ್ಮೆ ಎಲೆಯ ಹಾಸು ದಪ್ಪಗಿತ್ತು.

"ಮೊಟ್ಟೆ ಯಾವತ್ತು ಕೊಡ್ತಾರೆ?"

"ಬುಧವಾರ," ಎಂದಳು ಆಯಾ. ಅವಳು ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು.

ಗುಂಡುಸೂಜಿ ಪಂಚನಾಮೆ ಬರೆಯುತ್ತ ಲೆಕ್ಕ ಹಾಕಿದ. ವಾರಕ್ಕೆ ಆರು ದಿನ, ನಾಲ್ಕು ವಾರ. ದಪ್ಪ ಎಲೆ ಬಂದಲ್ಲಿ ಭಾನುವಾರ. ಯಾರೋ ನಾಲ್ಕು ವಾರದಿಂದ ಪ್ರತಿದಿನ ಊಟವನ್ನು ಹೂಳುತ್ತಿದ್ದರು, ಮತ್ತು ಹೂಳುವ ಊಟ ವಾರದಿಂದ ವಾರಕ್ಕೆ ಹೆಚ್ಚುತ್ತಿತ್ತು.

"ಹೆಣ ಇಲ್ವಲ್ಲ," ಎಂದ ಹೊಲಿಗೆಯವನು, ಸ್ವಲ್ಪ ನಿರಾಸೆಯಿಂದ.

ಇನ್ಸ್‌ಪೆಕ್ಟರ್ ತಿರುಗಿ ಅವನನ್ನು ನೋಡಿದ ರೀತಿಗೆ ಅವನು ಬಟ್ಟೆಯನ್ನು ಮತ್ತೆ ಮೂಗಿನ ಮೇಲೆ ಎಳೆದುಕೊಂಡ.

ಮಾಲಿ ಗುದ್ದಲಿಗೆ ಒರಗಿ ನಿಂತ. "ಸಾರ್, ಇದು ಗೊಬ್ಬರದ ಗುಂಡಿ ಅಂತ ಮಾಡಿರೋದು. ಅಚ್ಚುಕಟ್ಟಾಗಿದೆ. ಆದ್ರೆ ಮಣ್ಣಲ್ಲಿ ಕೈಯಿಟ್ಟೋನು ಯಾವನೂ ಬೆಂದ ಅನ್ನ, ಮೊಟ್ಟೆ ಇದಕ್ಕೆ ಹಾಕಲ್ಲ. ನಾರುತ್ತೆ. ನಾಯಿ, ಇಲಿ ಬರ್ತವೆ. ಇದು ಕೆಲಸ ಗೊತ್ತಿಲ್ದೆ ವಿಧಾನ ಮಾತ್ರ ಗೊತ್ತಿರೋನ ಕೆಲಸ."

"ಒಂದು ಬೆರಳು ಎಲೆ, ಎರಡು ಬೆರಳು ಮಣ್ಣು," ಎಂದಳು ಮಹಿಳಾ ಕಾನ್‌ಸ್ಟೆಬಲ್ ಥಟ್ಟನೆ. "ಸರ್, ಇದು ನಾಲ್ಕನೇ ತರಗತಿ ಪಾಠ. ನನ್ನ ಮಗಳಿಗೆ ನಾನೇ ಓದಿಸಿದೀನಿ. ಚಿತ್ರದಲ್ಲಿ ಹೀಗೇ ಇದೆ, ಪದರ ಪದರವಾಗಿ."

ಇನ್ಸ್‌ಪೆಕ್ಟರ್ ಆಯಾಳ ಕಡೆ ತಿರುಗಿದರು. "ನಿಮಗೆ ಓದೋಕೆ ಬರುತ್ತಾ?"

"ಎಲ್ಲಿಂದ ಬರ್ಬೇಕು ಸಾರ್? ನಾನು ಹುಟ್ಟಿದ್ದೇ ಹೊಲದಲ್ಲಿ. ಊಟ ಕೊಟ್ಟಾದ್ಮೇಲೆ ಒಂದು ಗಂಟೆಗೆ ಮೇಷ್ಟ್ರು ನನ್ನ ಮನೆಗೆ ಕಳಿಸ್ತಾರೆ. ಉಳಿದಿದ್ದು ಅವರೇ ನೋಡ್ಕೋತಾರೆ. ಒಂದಿನ ನಾನು, ಒಂದು ಡಬ್ಬಿ ಮೊಮ್ಮಗನಿಗೆ ಒಯ್ಲಾ ಅಂದೆ. 'ನಿನ್ನ ಮೊಮ್ಮಗ ಹಾಳೆ ಬರೆದಿದಾನಾ?' ಅಂದ್ರು. ಅವನಿಗೆ ಒಂದೂವರೆ ವರ್ಷ ಸಾರ್."

ಮುಖ್ಯೋಪಾಧ್ಯಾಯರು ಹನ್ನೊಂದೂವರೆಗೆ ಸೈಕಲ್ ಮೇಲೆ ಬಂದರು. ಐವತ್ತೆಂಟು ವರ್ಷ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಚಾವಣಿ ಬಿದ್ದ ಮೇಲೆ ಉಳಿದ ಇಬ್ಬರು ಶಿಕ್ಷಕಿಯರನ್ನು ಬೇರೆ ಶಾಲೆಗೆ ಕಳಿಸಿದ್ದರಿಂದ ಇಲ್ಲಿಯ ಎಲ್ಲ ಕೆಲಸ ಇವರೊಬ್ಬರದೇ. ಅಗೆದ ಗುಂಡಿ ನೋಡಿ ಅವರು ಗಾಬರಿಯಾಗಲಿಲ್ಲ.

"ಅಡುಗೆಮನೆಯವರು ಹೆಚ್ಚಿಗೆ ಕಳಿಸ್ತಾರೆ. ಬಿಸಾಡೋ ಬದಲು ಗೊಬ್ಬರ ಮಾಡಿದೆ."

"ಹೌದಾ? ಹಾಗಾದ್ರೆ ಅಡುಗೆಮನೆಯವರನ್ನೇ ವಿಚಾರಿಸ್ತೀನಿ."

"ವಿಚಾರಿಸಿ. ಗೇಟು ಬೇಗ ಬಿಟ್ಟುಕೊಡಿ. ಹನ್ನೆರಡಕ್ಕೆ ಜನ ಬರ್ತಾರೆ."

ರಿಜಿಸ್ಟರನ್ನು ವಶಕ್ಕೆ ಪಡೆದು ರಸೀದಿ ಕೊಟ್ಟರು. ಮೇಷ್ಟ್ರು ರಸೀದಿಯನ್ನು ಎರಡು ಸಲ ಓದಿ ಮಡಚಿ ಇಟ್ಟುಕೊಂಡು, ಬೀರುವಿನಿಂದ ಹೊಸ ರಿಜಿಸ್ಟರ್ ತೆಗೆದು ಗೆರೆ ಹೊಡೆಯಲು ಕುಳಿತರು.

ಮಧ್ಯಾಹ್ನ 3 ಗಂಟೆ. ಅಡುಗೆಮನೆಯಿಂದ ದಿನಕ್ಕೆ ನೂರಾ ಹನ್ನೆರಡು ಡಬ್ಬಿ ಹೋಗುತ್ತಿತ್ತು, ಒಂದೂ ಹೆಚ್ಚಿಲ್ಲ. ಪಾತ್ರೆ ತೊಳೆಯುವ ಹೆಂಗಸು ಕೈ ಒರೆಸಿಕೊಳ್ಳುತ್ತ ಹೇಳಿದಳು: "ಮಕ್ಕಳ ಮನೆಯಿಂದ ಬಂದ ಡಬ್ಬಿ ನೋಡಿದ್ರೆ ಗೊತ್ತಾಗುತ್ತೆ ಸರ್. ಒಂದರಲ್ಲಿ ಪೆನ್ಸಿಲ್ ಇರುತ್ತೆ, ಒಂದರಲ್ಲಿ ಅರ್ಧ ತಿಂದ ಕ್ಯಾರೆಟ್, ಒಂದಕ್ಕೆ ಹಲ್ಲಿನ ಗುರುತು. ಒಂದು ತಿಂಗಳಿಂದ ಕೆಲವು ಡಬ್ಬಿ, ಈಗೀಗ ಮೂವತ್ತರ ಹತ್ತಿರ, ಒಂದೇ ಥರ ತೊಳೆದು ಬರ್ತಿವೆ. ಒಳಗೆ ಸೀಮೆಸುಣ್ಣದ ಪುಡಿ. ನಾನು ಹೇಳಿದೆ. ಯಾರೂ ಕೇಳಲಿಲ್ಲ. ತೊಳೆದ ಡಬ್ಬಿ ಬಂದ್ರೆ ನಿಂಗೇನು ಕಷ್ಟ ಅಂದ್ರು."

ರಿಜಿಸ್ಟರಿನಲ್ಲಿ ಪ್ರತಿದಿನವೂ ನೂರಾ ಹನ್ನೆರಡು ಸಹಿಗಳಿದ್ದವು. ಒಂದೂ ತಪ್ಪಿಲ್ಲ.

ಮಂಗಳವಾರ ಬೆಳಿಗ್ಗೆ 8ರಿಂದ ಮನೆಮನೆ ತಿರುಗಿದರು. ಇಪ್ಪತ್ತಾರು ಬಾಗಿಲು ತಟ್ಟಿದರು. ಇಪ್ಪತ್ತಾರು ಬಾಗಿಲಲ್ಲೂ ಒಂದೇ ಉತ್ತರ.

"ಊಟ ಬರುತ್ತಾ?"

"ಬರುತ್ತೆ ಸಾರ್."

"ದಿನಾ?"

"ದಿನಾ ಸಾರ್."

"ನಿನ್ನೆ ಏನಿತ್ತು?"

ಅಲ್ಲಿ ಕೆಲವರ ಮಾತು ನಿಲ್ಲುತ್ತಿತ್ತು. ಒಬ್ಬ ಗಾರೆ ಕೆಲಸದವನು ಯೋಚಿಸಿ, "ಅನ್ನ," ಎಂದ. ನಿನ್ನೆ ಕೊಟ್ಟಿದ್ದು ಬ್ರೆಡ್ಡು. ಅವನ ಹಿಂದೆ ನಿಂತಿದ್ದ ಮಗ ನೆಲ ನೋಡಿದ.

ಬೀದಿಗೆ ಬಂದ ಮೇಲೆ ಗುಂಡುಸೂಜಿ ಜೀಪಿನ ಬಾಗಿಲಿಗೆ ಒದ್ದ. "ಮಕ್ಕಳ ಊಟ ಕಿತ್ತುಕೊಂಡಿದಾರೆ, ಇವರು ಸುಳ್ಳು ಹೇಳಿ ಕಿತ್ತುಕೊಂಡೋನನ್ನೇ ಉಳಿಸ್ತಿದಾರೆ. ಎಂಥಾ ಜನಾ ರೀ ಇವರು?"

"ಹೆದರಿದ ಜನ," ಎಂದರು ಇನ್ಸ್‌ಪೆಕ್ಟರ್. "ಜೀಪಿಗೆ ಯಾಕೆ ಒದೀತೀಯ?"

ಇಪ್ಪತ್ತೇಳನೆಯ ಮನೆ ಲಾಂಡ್ರಿಯ ಮೇಲಿನ ಒಂದೇ ಕೋಣೆ. ಗೋಡೆ ಕೆಳಗಿನ ಹಬೆಗೆ ಬೆವೆತಿತ್ತು. ಮಹಿಳಾ ಕಾನ್‌ಸ್ಟೆಬಲ್ ಒಬ್ಬಳೇ ಹತ್ತಿ ಹೋದಳು. ಹತ್ತು ವರ್ಷದ ಹುಡುಗಿ ನೆಲದ ಮೇಲೆ ಮಂಡಿಯೂರಿ ಬರೆಯುತ್ತಿದ್ದಳು. ಎಡಗೈಯಲ್ಲಿ.

"ಅಕ್ಕಾ, ಹಾಳೆ ನೋಡೋಕೆ ಬಂದ್ರಾ?"

"ಯಾವ ಹಾಳೆ ಪುಟ್ಟಿ?"

"ನಂದೂ ತಂಗೀದೂ. ಈಗ ನಂಗೆ ಎರಡು ಥರ ಬರಿಯೋಕೆ ಬರುತ್ತೆ. ನೋಡಿ, ಬಲಗೈದು ನಂದು. ಎಡಗೈದು ಅವಳದು. ಈಗ ಮೇಷ್ಟ್ರಿಗೆ ಗೊತ್ತಾಗಲ್ಲ."

ಕಾನ್‌ಸ್ಟೆಬಲ್ ಅವಳ ಪಕ್ಕ ಕುಳಿತಳು. ಬೂಟು ಬಿಚ್ಚಲು ಮರೆತಿದ್ದಳು.

"ಮೊದಲು ಗೊತ್ತಾಯ್ತಾ?"

"ಹೂಂ. ತಂಗಿ ಹಾಳೇನೂ ನಾನೇ ಬರೆದೆ. ಇಬ್ಬರದೂ ಒಂದೇ ಕೈ ಅಂತ ಕಂಡುಹಿಡಿದ್ರು. ಮೋಸ ಅಂದ್ರು. ಇಬ್ಬರ ಡಬ್ಬೀನೂ ನಿಲ್ಲಿಸಿದ್ರು."

"ಎಷ್ಟು ದಿನ ಆಯ್ತು?"

"ಇವತ್ತಿಗೆ ಹನ್ನೊಂದು. ಮಧ್ಯದಲ್ಲಿ ಮೊಟ್ಟೆ ದಿನ ಒಂದು ಹೋಯ್ತು."

"ತಂಗಿ ಯಾಕೆ ತಾನೇ ಬರೆಯಲ್ಲ?"

"ಅವಳಿಗಿನ್ನೂ ಅಕ್ಷರ ಕೂಡಿಸೋಕೆ ಬರಲ್ಲ. ಸ್ಕೂಲಲ್ಲಿ ಟೀಚರ್ ಕೈ ಹಿಡಿದು ಬರೆಸ್ತಿದ್ರು. ಅಮ್ಮನಿಗೆ ಸಹಿ ಮಾತ್ರ ಬರುತ್ತೆ."

"ತಂಗಿ ಎಲ್ಲಿ ಈಗ?"

"ಆಸ್ಪತ್ರೇಲಿ. ಮೊನ್ನೆ ಮೆಟ್ಟಿಲಿಂದ ಬಿದ್ದಳು. ತಲೆ ಸುತ್ತು ಬಂದು." ಹುಡುಗಿ ಪೆನ್ಸಿಲ್ ಕೆಳಗಿಡಲಿಲ್ಲ. "ಅವಳು ಬರೋದ್ರೊಳಗೆ ಹನ್ನೊಂದು ಹಾಳೆ ಮುಗಿಸಬೇಕು."

ಆಸ್ಪತ್ರೆಯಲ್ಲಿ ಮಧ್ಯಾಹ್ನ 2 ಗಂಟೆ 20 ನಿಮಿಷಕ್ಕೆ ಮಕ್ಕಳ ವಾರ್ಡಿನ ಡಾಕ್ಟರ್ ಹೇಳಿಕೆ ಕೊಟ್ಟರು. ವಯಸ್ಸು ಏಳು, ತೂಕ ಹದಿನಾಲ್ಕು ಕಿಲೋ, ಹುಬ್ಬಿನ ಮೇಲೆ ಐದು ಹೊಲಿಗೆ. "ಬಿದ್ದಿದ್ದು ಕಾಯಿಲೆ ಅಲ್ಲ. ಊಟ ಸಾಲದು. ಇದೇ ಬೀದಿಯಿಂದ ಈ ತಿಂಗಳು ಮೂರನೇ ಮಗು. ನಾನು ಮೂರು ಸಲ ಶಿಕ್ಷಣ ಇಲಾಖೆಗೆ ಬರೆದು ಕಳಿಸಿದೆ. 'ಆ ಮಕ್ಕಳಿಗೆ ದಿನಾ ಊಟ ತಲುಪಿದೆ, ಸಹಿ ಇದೆ' ಅಂತ ಉತ್ತರ ಬಂತು. ಸಹಿ ತಿಂದು ಬದುಕ್ತಾವಾ ಮಕ್ಕಳು?"

ತಾಯಿ ಮಂಚದ ಪಕ್ಕದ ಸ್ಟೂಲಿನ ಮೇಲಿದ್ದಳು. ಇದೇ ಆಸ್ಪತ್ರೆಯ ಚಾದರಗಳನ್ನು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಮಾತಾಡುತ್ತಲೇ ಮಗಳ ಚಾದರದ ಸುಕ್ಕನ್ನು ಅಂಗೈಯಿಂದ ತೀಡುತ್ತಿದ್ದಳು.

"ನಿಮ್ಮ ಮಕ್ಕಳಿಗೆ ಊಟ ಕೊಟ್ಟಿಲ್ಲ. ಆದ್ರೂ ದಿನಾ ಸಹಿ ಹಾಕಿದೀರಿ," ಎಂದರು ಇನ್ಸ್‌ಪೆಕ್ಟರ್.

"ಹಾಕಿದೀನಿ."

"ಯಾಕಮ್ಮಾ?"

"ಸಹಿ ಇಲ್ದಿದ್ರೆ ಗೈರುಹಾಜರಿ ಅಂದ್ರು. ಹದಿನೈದು ದಿನ ಗೈರಾದ್ರೆ ಶಾಲೆಯಿಂದ ಹೆಸರು ಹೊಡೀತಾರಂತೆ. ಊಟ ಇವತ್ತಲ್ಲ ನಾಳೆ ಬರುತ್ತೆ ಸಾರ್. ಹೆಸರು ಹೋದ್ರೆ ಮತ್ತೆ ಬರುತ್ತಾ? ಇವೆರಡೂ ನನ್ನ ಥರ ಇಸ್ತ್ರಿ ಪೆಟ್ಟಿಗೆ ಹಿಡೀಬೇಕಾ?"

"ಹಾಗೊಂದು ನಿಯಮ ಇಲ್ಲ. ಹಾಳೆ ಬರೆದ್ರೆ ಮಾತ್ರ ಊಟ ಅಂತಾನೂ ಇಲ್ಲ."

ಅವಳ ಕೈ ಚಾದರದ ಮೇಲೆ ನಿಂತಿತು.

"ಇಲ್ವಾ?"

"ಇಲ್ಲ."

"ನಾನು ಮಗೂಗೆ ಹೊಡೆದೆ ಸಾರ್," ಎಂದಳು ಅವಳು. "ಹಾಳೆ ಬರೀಲಿಲ್ಲ ಅಂತ. ನಿನ್ನಿಂದ ಅಕ್ಕನೂ ಉಪವಾಸ ಅಂತ ಬೈದು ಹೊಡೆದೆ."

ಇನ್ಸ್‌ಪೆಕ್ಟರ್ ಕಿಟಕಿಯ ಕಡೆ ಹೋದರು. ತಿರುಗಿ ಬಂದು ದೂರು ಬರೆಸಿಕೊಡುವಿರಾ ಎಂದು ಕೇಳಿದಾಗ ದನಿ ತಗ್ಗಿತ್ತು.

"ಬರೆಸಿದ್ರೆ ನಾಳೆ ಗೇಟಲ್ಲಿ ಯಾರು ನಿಂತಿರ್ತಾರೆ? ಅವರೇ ತಾನೆ? ಹೆಸರು ಹೊಡೆಯೋ ಪೆನ್ನು ಅವರ ಹತ್ರಾನೇ ತಾನೆ?"

"ನಾಳೆ ಹನ್ನೆರಡಕ್ಕೆ ನಾನೂ ಅಲ್ಲಿರ್ತೀನಿ."

"ನಾಡಿದ್ದು?"

ಇನ್ಸ್‌ಪೆಕ್ಟರ್ ದೂರಿನ ಹಾಳೆಯನ್ನು ಅವಳ ಮುಂದೆ ಇಟ್ಟರು. ಅವಳು ಮಗಳ ಹುಬ್ಬಿನ ಪಟ್ಟಿಯನ್ನು ನೋಡಿದಳು. ಆಮೇಲೆ ಗುಂಡುಸೂಜಿಯ ಕೈಯಿಂದ ಪೆನ್ನು ತೆಗೆದುಕೊಂಡಳು. ಸಂಜೆ 4 ಗಂಟೆ 20 ನಿಮಿಷಕ್ಕೆ ಎಫ್‌ಐಆರ್ ದಾಖಲಾಯಿತು: ಮಕ್ಕಳಿಗೆ ಆಹಾರ ತಡೆಹಿಡಿದು ಕ್ರೌರ್ಯ, ಬೆದರಿಸಿ ಸಹಿ ಪಡೆದು ಸುಳ್ಳು ದಾಖಲೆ ಸೃಷ್ಟಿ.

"ಈಗಲೇ ಎತ್ತಾಕಿಕೊಂಡು ಬರೋಣ ಸರ್," ಎಂದ ಗುಂಡುಸೂಜಿ.

"ಬೇಡ. ಒಬ್ಬಳ ಮಾತು ಅಂತಾನೆ. ಇಪ್ಪತ್ತಾರು ಮನೆಯವರು ಊಟ ಬಂತು ಅಂತ ನಮ್ಮ ಮುಂದೆಯೇ ಹೇಳಿದಾರೆ. ನಾಳೆ ಗೇಟಲ್ಲಿ ಕಣ್ಣಾರೆ ನೋಡೋಣ."

"ಗುಂಡಿ ಸಿಕ್ಕ ಮೇಲೂ ಮಾಡ್ತಾನಾ?"

"ಕಳ್ಳನಾದ್ರೆ ನಿಲ್ಲಿಸ್ತಿದ್ದ. ಇವನು ಕಳ್ಳ ಅಲ್ಲ. ಮಾಡ್ತಾನೆ."

ದಿನಾಂಕ 16, ಬುಧವಾರ, ಮಧ್ಯಾಹ್ನ 12 ಗಂಟೆ. ಮೊಟ್ಟೆಯ ದಿನ. ಗೇಟಿನ ಮುಂದೆ ಸಾಲು ಹೊಲಿಗೆ ಅಂಗಡಿಯ ತನಕ ಬೆಳೆದಿತ್ತು. ಮಹಿಳಾ ಕಾನ್‌ಸ್ಟೆಬಲ್ ಮನೆಯ ಬಟ್ಟೆ ಉಟ್ಟು ಸಾಲಿನಲ್ಲಿ ತಾಯಿಯ ಹಿಂದೆ ನಿಂತಿದ್ದಳು. ಇನ್ಸ್‌ಪೆಕ್ಟರ್ ಮತ್ತು ಗುಂಡುಸೂಜಿ ಅಂಗಡಿಯೊಳಗೆ, ನೇತುಹಾಕಿದ ಅಂಗಿಗಳ ಹಿಂದೆ. ಅಲ್ಲಿಂದ ಗೇಟಿನ ಮೇಜು ಪೂರ್ತಿ ಕಾಣುತ್ತಿತ್ತು.

ಮೇಷ್ಟ್ರು ಪ್ರತಿಯೊಂದು ಹಾಳೆಯನ್ನೂ ಕನ್ನಡಕ ಸರಿಮಾಡಿಕೊಂಡು ಓದುತ್ತಿದ್ದರು. ಸರಿಯಿದ್ದರೆ ತಲೆಯಾಡಿಸುತ್ತಿದ್ದರು, ಆಯಾ ಡಬ್ಬಿ ಕೊಡುತ್ತಿದ್ದಳು. ಇಲ್ಲದಿದ್ದರೆ ರಿಜಿಸ್ಟರಿನ ಕಡೆ ಬೆರಳು ತೋರಿಸುತ್ತಿದ್ದರು, ಅಷ್ಟೇ. ಗಾರೆ ಕೆಲಸದವನು ಬರಿಗೈಯಲ್ಲಿ ಬಂದ, ಸಹಿ ಹಾಕಿದ, ಬರಿಗೈಯಲ್ಲಿ ಹೋದ. ಒಂದು ಮಾತಿಲ್ಲ. ಬೈಗುಳವಿಲ್ಲ. ಅಂಗಿಗಳ ಹಿಂದೆ ನಿಂತ ಗುಂಡುಸೂಜಿ ಎಣಿಸುತ್ತಿದ್ದ. ಒಂಬತ್ತು. ಹತ್ತು. ಹನ್ನೊಂದು.

12 ಗಂಟೆ 35 ನಿಮಿಷ. ತಾಯಿ ಮೇಜಿನ ಮುಂದೆ ನಿಂತಳು.

"ಹಾಳೆ?"

"ಇಲ್ಲ."

ಬೆರಳು ರಿಜಿಸ್ಟರಿನ ಕಡೆ ಹೋಯಿತು. ಅವಳು ಅಲುಗಲಿಲ್ಲ.

"ಸಹಿ ಹಾಕಮ್ಮಾ. ಹಿಂದೆ ಜನ ಇದಾರೆ."

"ಊಟ ಕೊಡಿ, ಹಾಕ್ತೀನಿ."

"ಸಹಿ ಇಲ್ದಿದ್ರೆ ಇವತ್ತು ಗೈರುಹಾಜರಿ. ಹದಿನೈದಾದ್ರೆ ಹೆಸರು ಹೋಗುತ್ತೆ. ಯೋಚನೆ ಮಾಡು."

"ಯೋಚನೆ ಮಾಡೇ ಬಂದಿದೀನಿ." ಅವಳ ದನಿ ಏರಿತು. "ಹಾಕಲ್ಲ. ನನ್ನ ಮಕ್ಕಳು ತಿನ್ನದ ಊಟಕ್ಕೆ ನಾನು ಇನ್ಮೇಲೆ ಸಹಿ ಹಾಕಲ್ಲ. ಹಾಳೆಗೂ ಊಟಕ್ಕೂ ಸಂಬಂಧ ಇಲ್ವಂತೆ! ಅಂಥಾ ನಿಯಮಾನೇ ಇಲ್ವಂತೆ! ಕೇಳಿಸ್ತೇನ್ರೀ ನಿಮಗೆಲ್ಲಾ? ನನ್ನ ಕೂಸು ಹೊಲಿಗೆ ಹಾಕಿಸ್ಕೊಂಡು ಮಲಗಿದೆ!"

ಹೊರಟುಹೋಗಿದ್ದ ಗಾರೆ ಕೆಲಸದವನು ರಸ್ತೆಯ ಆಚೆ ನಿಂತ. ತಿರುಗಿ ಬಂದ. ಮೇಜಿನ ಮೇಲಿದ್ದ ರಿಜಿಸ್ಟರನ್ನು ತನ್ನ ಕಡೆ ಎಳೆದುಕೊಂಡು, ಈಗಷ್ಟೇ ಹಾಕಿದ್ದ ಸಹಿಯ ಮೇಲೆ ಅಡ್ಡಡ್ಡ ಗೀಚಿದ. ಪೆನ್ನಿನ ಮೊನೆ ಕಾಗದವನ್ನು ಹರಿಯಿತು.

"ನನ್ನ ಮಗನಿಗೂ ಬಂದಿಲ್ಲ. ಹದಿನೇಳು ದಿನ."

"ನಮ್ಮದು ಒಂಬತ್ತು," ಎಂದಿತು ಒಬ್ಬ ಅಜ್ಜಿಯ ದನಿ ಹಿಂದಿನಿಂದ. ಆಮೇಲೆ ದನಿಗಳು ಒಂದರ ಮೇಲೊಂದು ಬಿದ್ದವು. ಮೇಜು ಒಂದಡಿ ಹಿಂದೆ ಸರಿಯಿತು. ಯಾರೋ ಮೇಷ್ಟ್ರ ಕೊರಳಪಟ್ಟಿಗೆ ಕೈ ಹಾಕಿದರು. ಇನ್ಸ್‌ಪೆಕ್ಟರ್ ಓಡಿಬಂದು ನಡುವೆ ನಿಲ್ಲದಿದ್ದರೆ ಅದು ಎಲ್ಲಿಗೆ ಮುಟ್ಟುತ್ತಿತ್ತೋ. ಆ ಕೈಯನ್ನು ಬಿಡಿಸುವಾಗ ಅವರು ಬೇಕೆಂದೇ ಒಂದು ಗಳಿಗೆ ತಡಮಾಡಿದರು ಎಂದು ಹೊಲಿಗೆಯವನು ಆಮೇಲೆ ಗಿರಾಕಿಗಳಿಗೆಲ್ಲ ಹೇಳಿದ. ಪಂಚನಾಮೆಯಲ್ಲಿ ಹಾಗೇನೂ ಇಲ್ಲ.

12 ಗಂಟೆ 45 ನಿಮಿಷಕ್ಕೆ ಬಂಧನ. ಜೀಪು ಹೊರಡುವ ಮೊದಲು ಇನ್ಸ್‌ಪೆಕ್ಟರ್ ಆಯಾಗೆ ಹೇಳಿದರು: "ಎಲ್ಲರಿಗೂ ಕೊಡಿ. ಯಾರನ್ನೂ ಏನೂ ಕೇಳಬೇಡಿ." ತಾಯಿ ಎರಡು ಡಬ್ಬಿ ಎದೆಗವಚಿಕೊಂಡು, ಚಪ್ಪಲಿ ಕಿತ್ತುಹೋದದ್ದನ್ನೂ ನೋಡದೆ, ಆಸ್ಪತ್ರೆಯ ದಿಕ್ಕಿಗೆ ಓಡಿದಳು.

ಸಂಜೆ 4 ಗಂಟೆ. ಠಾಣೆಯಲ್ಲಿ ಹೇಳಿಕೆ ಶುರುವಾಯಿತು. ಮೇಷ್ಟ್ರು ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದರು. ಅಂಗಿಯ ಮೇಲಿನ ಎರಡು ಗುಂಡಿ ಇರಲಿಲ್ಲ.

"ಊಟ ಮಾರಿಕೊಂಡ್ರಾ?"

"ಛೆ! ಒಂದು ಅಗುಳೂ ಇಲ್ಲ. ನೀವೇ ಅಗೆದು ನೋಡಿದೀರಲ್ಲ."

"ಬೇರೆ ಮಕ್ಕಳಿಗಾದ್ರೂ ಕೊಡಬಹುದಿತ್ತು."

"ಬರೆಯದವನ ಪಾಲನ್ನ ಬರೆದವನಿಗೆ ಕೊಟ್ರೆ ಅದು ಆಮಿಷ ಆಗುತ್ತೆ."

"ನಾಯಿಗೆ?"

"ಮಕ್ಕಳು ನೋಡ್ತಾರೆ. ಮನಸ್ಸಿಗೆ ನೋವಾಗುತ್ತೆ."

ಗುಂಡುಸೂಜಿಯ ಪೆನ್ನು ನಿಂತಿತು. ಇನ್ಸ್‌ಪೆಕ್ಟರ್ ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಮೂವತ್ತೊಂದು ಮಕ್ಕಳು ರೀ! ಅಕ್ಷರ ಬಾರದ ಏಳು ವರ್ಷದ ಕೂಸು, ಹೇಳಿಕೊಡೋಕೆ ಮನೇಲಿ ಯಾರೂ ಇಲ್ಲ, ಅದು ಏನಂತ ಬರೀಬೇಕಿತ್ತು?"

"ಹಸಿದ್ರೆ ಬರೆಯುತ್ತೆ. ಬರೆದೇ ಬರೆಯುತ್ತೆ. ನಾನು ಕಲಿತದ್ದೇ ಹಾಗೆ." ಮೊದಲ ಸಲ ಮೇಷ್ಟ್ರ ದನಿಯಲ್ಲಿ ಬಿಸಿ ಬಂತು. "ನಮ್ಮಪ್ಪ ತಟ್ಟೆಗೆ ಬಡಿಸಿ, ಮುಚ್ಚಳ ಮುಚ್ಚಿ ಎದುರಿಗೆ ಇಡ್ತಿದ್ರು. ಪಾಠ ಒಪ್ಪಿಸಿದ್ರೆ ಮುಚ್ಚಳ ತೆಗೀತಿದ್ರು. ಒಂದು ದಿನ ರಿಯಾಯಿತಿ ಇಲ್ಲ. ಬೀದೀಲಿ ಪೆನ್ನು ಹಿಡಿದೋನು ನಾನೊಬ್ಬನೇ. ಈಗ ಶಾಲೆ ಮುಚ್ಚಿದೆ, ಮಕ್ಕಳು ಬೀದಿಪಾಲಾಗ್ತಿದಾವೆ, ನನ್ನ ಕೈಲಿ ಬೆತ್ತ ಇಲ್ಲ, ಗಂಟೆ ಇಲ್ಲ. ಇದ್ದದ್ದು ಆ ಡಬ್ಬಿ ಒಂದೇ."

"ಮನೇಲಿ ನೀವು ಒಬ್ಬರೇ ಮಗನಾ?"

"ಇಬ್ಬರು ಮಕ್ಕಳು."

"ತಮ್ಮನಾ?"

"ತಂಗಿ."

"ಅವರೂ ಶಾಲೆ ಮೇಡಮ್ಮೋರಾ?"

ಮೇಷ್ಟ್ರು ಅಂಗಿಯ ಕಿತ್ತುಹೋದ ಗುಂಡಿಯ ಜಾಗವನ್ನು ಬೆರಳಿನಿಂದ ಮುಚ್ಚಿಕೊಂಡರು. ಹೊರಗಿನ ಕೋಣೆಯಲ್ಲಿ ವೈರ್‌ಲೆಸ್ ಕರಕರ ಎಂದು ಸುಮ್ಮನಾಯಿತು.

"ಅವಳಿಗೆ ಪಾಠ ತಲೆಗೆ ಹತ್ತುತ್ತಿರಲಿಲ್ಲ," ಎಂದರು ಕೊನೆಗೆ. "ಜ್ವರ ಬಂದು ತೀರಿಹೋದಳು ಅಂತ ಮನೇಲಿ ಹೇಳ್ತಾರೆ. ಜ್ವರಾನೇ."

"ಎಷ್ಟು ವಯಸ್ಸು?"

"ಒಂಬತ್ತು ತುಂಬಿರಲಿಲ್ಲ."

ಗುಂಡುಸೂಜಿ ಪಿಸುದನಿಯಲ್ಲಿ ಕೇಳಿದ: "ಇದನ್ನೂ ಬರೀಲಾ ಸರ್?"

"ಬರಿ," ಎಂದರು ಇನ್ಸ್‌ಪೆಕ್ಟರ್. "ಆ ಹುಡುಗಿ ಹೆಸರು ಕೇಳಿ ಬರಿ."

ಗೋಡೆಯ ಗಡಿಯಾರದಲ್ಲಿ 5 ಗಂಟೆ 10 ನಿಮಿಷವಾಗಿತ್ತು. ಆ ಹೆಸರನ್ನು ಮೇಷ್ಟ್ರು ಎಷ್ಟು ವರ್ಷದಿಂದ ಹೇಳಿರಲಿಲ್ಲವೋ, ಅದು ಬರುವ ತನಕ ಗುಂಡುಸೂಜಿ ಪೆನ್ನು ಹಿಡಿದು ಕಾಯುತ್ತ ಕುಳಿತ.